ಗೋಡೆಗೆ ಮುಖ ಮಾಡಿದ ಕುರ್ಚಿ

ನಾರಾಯಣಪೇಟೆಯ ನಮ್ಮ ಮನೆಗೆ ಯಾರೇ ಬರಲಿ, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ಒಂದು ಪರೋಪಕಾರ ಮಾಡುತ್ತಾರೆ. ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡಿರುವ ಬೆತ್ತದ ಕುರ್ಚಿಯನ್ನು ಎತ್ತಿ, ಬಾಗಿಲ ಕಡೆ ತಿರುಗಿಸಿ, ಅದರ ಮೇಲೆ ಆರಾಮಾಗಿ ಕೂರುತ್ತಾರೆ. ಕಸ ಗುಡಿಸುವಾಗ ಯಾರೋ ತಿರುಗಿಸಿಟ್ಟು ಮರೆತಿದ್ದಾರೆ, ಪಾಪ, ಎಂದು ಅವರ ಲೆಕ್ಕ. ಗ್ಯಾಸಿನವನೂ ತಿರುಗಿಸಿದ್ದಾನೆ, ಒಮ್ಮೆ ಬಂದಿದ್ದ ನಮ್ಮ ಶಾಲೆಯ ಹೆಡ್‌ಮಾಸ್ತರರೂ ತಿರುಗಿಸಿದ್ದಾರೆ. ಅವರು ಹೋದ ಮೇಲೆ ನಾನು ಸೆರಗು ಸಿಕ್ಕಿಸಿಕೊಂಡು ಅದನ್ನು ಮತ್ತೆ ಗೋಡೆಗೆ ತಿರುಗಿಸುತ್ತೇನೆ. ಬರೀ ತಿರುಗಿಸಿದರೆ ಸಾಲದು. ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಕುರ್ಚಿಯ ಕಾಲು ಆ ಗುರುತಿನ ಮೇಲೇ ಬರಬೇಕು. ಅತ್ತೆ ನೆಲ ಒರೆಸುವಾಗ ಗುರುತನ್ನೂ ಒರೆಸುತ್ತಾರೆ. ನಾನು ಮತ್ತೆ ಹಾಕುತ್ತೇನೆ. ಮನೆಗೊಬ್ಬಳು ಟೀಚರು ಸೊಸೆಯಾಗಿ ಬಂದರೆ ನೆಲವೂ ಕರಿಹಲಗೆಯಾಗುತ್ತದೆ ಎಂದು ಅವರು ಓಣಿಯಲ್ಲಿ ಹೇಳಿಕೊಂಡು ಬಂದಿದ್ದಾರೆ.

ಕುರ್ಚಿಯ ಎದುರಿಗಿರುವುದು ಬರೀ ಗೋಡೆಯಲ್ಲ. ಗೋಡೆಯ ಮುಂದೆ, ಹಳೇ ಮಗ್ಗದ ಕಟ್ಟಿಗೆಯಿಂದ ಬಡಗಿಯ ಹತ್ತಿರ ಮಾಡಿಸಿದ ಎರಡು ಪೀಠಗಳ ಮೇಲೆ ಎರಡು ಪುಟ್ಟ ಸ್ಪೀಕರ್ ಡಬ್ಬಿಗಳಿವೆ. ಈ ಊರಿಂದ ವರ್ಗವಾಗಿ ಹೋದ ಬ್ಯಾಂಕ್ ಮ್ಯಾನೇಜರೊಬ್ಬರು ಸೋಫಾ, ಫ್ರಿಜ್ಜು, ತೊಟ್ಟಿಲುಗಳ ಜೊತೆ ಮಾರಾಟಕ್ಕಿಟ್ಟಿದ್ದ ಡಬ್ಬಿಗಳು. ಜೊತೆಗೆ ಊಟದ ಡಬ್ಬಿಯಷ್ಟೇ ದೊಡ್ಡದೊಂದು ಆಂಪ್ಲಿಫೈಯರು. ಅದಕ್ಕೆ ವೈರಿನಿಂದ ಕಟ್ಟಿಹಾಕಿದ ನನ್ನ ಹಳೇ ಫೋನು. ನನ್ನ ಸಂಗೀತ ಸಾಮ್ರಾಜ್ಯ ಇಷ್ಟೇ. ಎಲ್ಲ ಸೇರಿಸಿದರೂ ನಮ್ಮ ಅಂಗಡಿಯಲ್ಲಿ ಮಾರುವ ಒಂದು ಒಳ್ಳೆಯ ಗದ್ವಾಲ್ ಸೀರೆಯ ಬೆಲೆ ಆಗುವುದಿಲ್ಲ. ಆದರೆ ಸೀರೆ ತಂದಾಗ ಯಾರೂ ‘ಯಾಕ’ ಎಂದು ಕೇಳುವುದಿಲ್ಲ. ಇದಕ್ಕೆ ಮಾತ್ರ ಕೇಳದವರಿಲ್ಲ.

ಅವರು ಕೇಳುವುದೂ ನನ್ನನ್ನಲ್ಲ. ನಮ್ಮವರನ್ನು. “ಏನ್ ಸಾವ್ಕಾರ್ರೆ, ಭಾರಿ ಸ್ಪೀಕರ್ ತಂದೀರಲ್ಲ!” ನಮ್ಮವರು ಸೀರೆ ವ್ಯಾಪಾರಿ, ಬಂದ ಹೊಗಳಿಕೆಯನ್ನು ವಾಪಸು ಕಳಿಸಿ ಅಭ್ಯಾಸವಿಲ್ಲ. “ಹೌದ್ರಿ, ಸಣ್ಣೂವು ಅದಾವು, ಖರೆ ಆವಾಜ್ ಛಲೋ ಐತಿ,” ಎಂದು ನಗುತ್ತಾರೆ. ಆ ಆವಾಜಿಗೆ ಅವರು ಮಾಡುವುದೇನು? ನಿದ್ದೆ. ಹಾಡು ಶುರುವಾದ ಸ್ವಲ್ಪ ಹೊತ್ತಿಗೇ ಗೊರಕೆಯೂ ಶುರು. “ನಿನ್ನ ಹಾಡಿಗೆ ನಿದ್ದಿ ಭಾಳ ಛಲೋ ಬರ್ತೈತಿ ನೋಡು,” ಎಂದು ಮೆಚ್ಚುಗೆ ಬೇರೆ.

ನಾನು ಕೇಳುವುದು ಜಾಝ್ ಎಂದರೆ ನೀವೂ ಹುಬ್ಬೇರಿಸುತ್ತೀರಿ ಎಂದು ಗೊತ್ತು. ನಮ್ಮ ಶಾಲೆಯ ಗಣಿತದ ಟೀಚರು ಒಮ್ಮೆ ಮನೆಗೆ ಬಂದು, ಶಿಸ್ತಾಗಿ ಕೈಕಟ್ಟಿ ಕೂತು, ಒಂದು ಇಡೀ ರಚನೆ ಮುಗಿಯುವವರೆಗೂ ಕೇಳಿದರು. ಮುಗಿದ ಮೇಲೆ ತೆಲುಗಿನಲ್ಲಿ, “ಏಂ ಮೇಡಂ, ಪಾಟ ಎಪ್ಪುಡು ಮೊದಲೌತುಂದಿ?” ಎಂದರು. ಹಾಡು ಯಾವಾಗ ಶುರುವಾಗುತ್ತದೆ ಎಂದು! ನಾನು ಚಹಾ ತರಲು ಎದ್ದು ಹೋದೆ.

ಆದರೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗೂ ಅಷ್ಟಿಲ್ಲ. ನಾನು ಹುಟ್ಟಿ ಬೆಳೆದದ್ದು ಮಖ್ತಲ್‌ನಲ್ಲಿ. ಅಪ್ಪ ತಹಸೀಲು ಕಚೇರಿಯ ಗುಮಾಸ್ತರು. ನಮ್ಮ ಮನೆಯ ಪಕ್ಕದಲ್ಲಿ ಮದುವೆ ಬ್ಯಾಂಡಿನವರ ಖೋಲಿ ಇತ್ತು. ಗೋಡೆಯ ಗೂಟಕ್ಕೆ ಜರಿಯ ಕೆಂಪು ಕೋಟುಗಳು ತೂಗುತ್ತಿದ್ದವು. ಡೋಲಿನ ಮೇಲೆ ಬೆಕ್ಕು ಮಲಗಿರುತ್ತಿತ್ತು. ಮಧ್ಯಾಹ್ನದ ಹೊತ್ತು ಬ್ಯಾಂಡ್ ಮಾಸ್ತರು ಕ್ಲಾರಿನೆಟ್ ತೆಗೆದು, ಬರಾತ್ ಮೆರವಣಿಗೆಯ ಹಾಡು ಹಿಡಿಯುವ ಮೊದಲು ಸುಮ್ಮನೆ ಊದುತ್ತಿದ್ದರು. ಮೇಲೆ ಹೋಗಿ, ಕೆಳಗೆ ಬಂದು, ಎಲ್ಲೋ ತಿರುಗಿ, ತಿರುಗಿದ್ದು ತಪ್ಪಾಯಿತೆಂದು ನಕ್ಕು, ಮತ್ತೆ ಹೊರಡುವಂಥ ಊದು. ನಾನು ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತ ಅದನ್ನೇ ಕೇಳುತ್ತಿದ್ದೆ. ಹಾಡು ಶುರುವಾಯಿತೋ, ನನಗೆ ಬೇಸರ. ಎದ್ದು ಒಳಗೆ ಹೋಗುತ್ತಿದ್ದೆ. “ಈ ಹುಡುಗಿಗೆ ಹಾಡಂದ್ರ ಆಗಂಗಿಲ್ಲ,” ಎಂದು ಅವ್ವ ತೀರ್ಮಾನಿಸಿದ್ದಳು.

ಆ ಸುಮ್ಮನೆ ಊದುವುದಕ್ಕೂ ಒಂದು ಹೆಸರಿದೆ, ಅದನ್ನೇ ಜನ್ಮವಿಡೀ ಮಾಡಿಕೊಂಡಿರುವ ಮಹಾನುಭಾವರು ಜಗತ್ತಿನಲ್ಲಿದ್ದಾರೆ ಎಂದು ತಿಳಿದದ್ದು ರಾಯಚೂರಿನ ಕಾಲೇಜು ಹಾಸ್ಟೆಲಿನಲ್ಲಿ. ನನ್ನ ಕೋಣೆಯ ಜೊತೆಗಾತಿ ಡೋರೀನ್ ಗುಂತಕಲ್ಲಿನ ರೈಲ್ವೆ ಕಾಲೊನಿಯವಳು. ಅವಳಪ್ಪ ಗಾರ್ಡು, ಹಸಿರು ಬಾವುಟ ಇಲ್ಲದ ದಿನ ಟ್ರಂಪೆಟ್ ಹಿಡಿಯುತ್ತಿದ್ದರಂತೆ. ಅವಳು ಒಂದು ಕ್ಯಾಸೆಟ್ ಹಾಕಿ ನನ್ನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದಳು. ಮೊದಲು ಕೇಳಿದ್ದು ತುತ್ತೂರಿಯಲ್ಲ, ಪಿಯಾನೋ ಅಲ್ಲ. ಯಾರೋ ದೂರದಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತಿರುವ ಸದ್ದು. ಅದೇ ಲಯ, ಅದೇ ಜರಜರ. ಡ್ರಮ್ಮಿನ ಮೇಲೆ ತಂತಿಯ ಕುಂಚ ಆಡಿಸುವ ಸದ್ದು ಅದು ಎಂದು ಡೋರೀನ್ ಹೇಳಿದಳು. ಇರಬಹುದು. ನನಗೆ ಇವತ್ತಿಗೂ ಅದು ಜೋಳವೇ.

ಒಳ್ಳೆಯ ರೆಕಾರ್ಡಿಂಗಿನ ಮಹಿಮೆ ಇದೇ ನೋಡಿ. ವಾದ್ಯ ಕೇಳುವುದು ದೊಡ್ಡದಲ್ಲ. ವಾದ್ಯ ಹಿಡಿದವನು ಕೇಳಿಸಬೇಕು. ಅವನು ಉಸಿರು ಎಳೆದುಕೊಳ್ಳುವುದು, ಸ್ಟೂಲು ಕಿರ್ರೆನ್ನುವುದು. ಹಳೇ ಜಾಝ್ ರೆಕಾರ್ಡುಗಳಲ್ಲಿ ಪಿಯಾನೋದವನನ್ನು ಪೂರಾ ಎಡಗಡೆ ಕೂರಿಸುತ್ತಿದ್ದರು, ಡ್ರಮ್ಮನ್ನೂ ಆ ಆಳೆತ್ತರದ ತಂತಿವಾದ್ಯ ಬಾಸನ್ನೂ ಬಲಗಡೆ. ಎರಡು ಡಬ್ಬಿಗಳಿಂದ ಸಮದೂರದಲ್ಲಿ, ಸರಿಯಾದ ಜಾಗದಲ್ಲಿ ಕೂತರೆ ಡಬ್ಬಿಗಳೇ ಮಾಯವಾಗಿ ಗೋಡೆಯ ಮುಂದೆ ಮನುಷ್ಯರು ಬಂದು ಕೂರುತ್ತಾರೆ. ಆ ಸರಿಯಾದ ಜಾಗ ಮನೆಯಲ್ಲಿ ಒಂದೇ. ಒಂದು ಮೊಳ ಆಚೀಚೆ ಸರಿದರೆ ಪಿಯಾನೋದವನು ನಮ್ಮ ಸೀರೆಯ ಬೀರುವಿನೊಳಗೆ ಹೋಗಿಬಿಡುತ್ತಾನೆ. ಹಾಗಾಗಿ ಆ ಕುರ್ಚಿ, ಆ ಸೀಮೆಸುಣ್ಣ. ಇಷ್ಟು ದೊಡ್ಡ ಮನೆಯಲ್ಲಿ, ಇಷ್ಟು ವರ್ಷಗಳ ಸಂಸಾರದಲ್ಲಿ, ನಾನು ನನ್ನದು ಎಂದು ಕೇಳಿದ್ದು ಆ ಕುರ್ಚಿ ಹಿಡಿಸುವಷ್ಟು ಜಾಗ.

ಅದಕ್ಕೂ ಸಂಚಕಾರ ತಂದವರು ವೀರೇಶಣ್ಣ. ನನ್ನ ನಾದಿನಿ ಶಾರದಾಳ ಗಂಡ, ಅಂದರೆ ಈ ಮನೆಯ ಅಳಿಯ. ಗದ್ವಾಲಿನಲ್ಲಿ ಅವರದು ಶಾಮಿಯಾನಾ ಅಂಗಡಿ. ಮದುವೆಗೆ ಪೆಂಡಾಲು, ಕುರ್ಚಿ, ಮೈಕ್ ಸೆಟ್ಟು. ಧರೂರಿನಿಂದ ಮಖ್ತಲ್‌ವರೆಗೆ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಕಿವಿಗೆ ಬೀಳುವುದು ಅವರ ಮೈಕಿನ ಹಾರ್ನು. ಮನುಷ್ಯ ಬಂಗಾರ. ಯಾರಿಗೆ ಏನು ಬೇಕೆಂದು ಕೇಳದೆಯೇ ಮಾಡಿಕೊಡುತ್ತಾರೆ. ಆ ‘ಕೇಳದೆಯೇ’ ಎಂಬುದರಲ್ಲೇ ಎಲ್ಲ ಇದೆ. ಬಂದಾಗಲೆಲ್ಲ ನನ್ನ ಡಬ್ಬಿಗಳನ್ನು ನೋಡಿ ಮರುಗುತ್ತಿದ್ದರು. “ವೈನಿ, ಬೇಸ್ ಇಲ್ರಿ ಇದಕ್ಕ. ಎದಿ ನಡುಗಬೇಕ್ರಿ, ಎದಿ!” ಹಾಡು ಕೇಳಿದರೆ ಎದೆ ಯಾಕೆ ನಡುಗಬೇಕು ಎಂದು ನಾನು ಕೇಳುತ್ತಿರಲಿಲ್ಲ. ಅಳಿಯಂದಿರಿಗೆ ಎದುರು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ.

ಹೋದ ಶ್ರಾವಣದ ಮಾತು. ಸೋಮವಾರ ನಮ್ಮ ಮನೆಯಲ್ಲಿ ಜಂಗಮ ಅಯ್ಯನವರ ಪಾದಪೂಜೆ, ಊಟ. ತಯಾರಿಗೆಂದು ವೀರೇಶಣ್ಣ ಶನಿವಾರವೇ ಗದ್ವಾಲಿನಿಂದ ಬಂದಿದ್ದರು. ನನಗೆ ಆ ದಿನ ಮರಿಕಲ್‌ನಲ್ಲಿ ಟೀಚರುಗಳ ತರಬೇತಿ. ಮಕ್ಕಳಿಗೆ ಹೇಗೆ ಸಂತೋಷದಿಂದ ಕಲಿಸಬೇಕು ಎಂಬುದನ್ನು ಒಬ್ಬರು ಬಹಳ ದುಃಖದಿಂದ ಹೇಳಿದರು. ತಲೆ ಸಿಡಿಯುತ್ತಿತ್ತು. ಬಸ್ಸಿನಲ್ಲಿ ನಿಂತು ಬರುವಾಗ ಒಂದೇ ಯೋಚನೆ: ಮುಖ ತೊಳೆಯಬೇಕು, ಚಹಾ ಹಿಡಿದುಕೊಂಡು ಕುರ್ಚಿಯಲ್ಲಿ ಕೂರಬೇಕು, ಯಾರ ಹತ್ತಿರವೂ ಮಾತಾಡಬಾರದು.

ಸಂಜೆ ಪಡಸಾಲೆಗೆ ಕಾಲಿಟ್ಟೆ. ಕುರ್ಚಿ ಬಾಗಿಲಿಗೆ ತಿರುಗಿತ್ತು. ಅದರ ಮೇಲೆ ವೀರೇಶಣ್ಣ. ಗೋಡೆಯ ಮುಂದೆ ಎರಡು ಪೀಠ ಇದ್ದವು, ಒಂದರ ಮೇಲೆ ತೆಂಗಿನಕಾಯಿ, ಇನ್ನೊಂದರ ಮೇಲೆ ವೀಳ್ಯದೆಲೆ. ಡಬ್ಬಿಗಳಿಲ್ಲ.

“ಮ್ಯಾಲ ನೋಡ್ರಿ ವೈನಿ!” ಎಂದರು ವೀರೇಶಣ್ಣ, ಮಗುವಿನ ಹಾಗೆ ಮುಖ ಅರಳಿಸಿ.

ನೋಡಿದೆ. ಛಾವಣಿಗೆ ಹತ್ತಿರ, ಬಾಗಿಲಿನ ಎಡಕ್ಕೊಂದು ಬಲಕ್ಕೊಂದು, ಕಬ್ಬಿಣದ ಪಟ್ಟಿಗೆ ಸ್ಕ್ರೂ ಬಿಗಿದು ನನ್ನ ಡಬ್ಬಿಗಳನ್ನು ನೇತು ಹಾಕಿದ್ದರು. ಕಲ್ಯಾಣ ಮಂಟಪದಲ್ಲಿ ಇರುತ್ತವಲ್ಲ, ಹಾಗೆ.

“ಕೆಳಗಿಟ್ರ ಆವಾಜ್ ನೆಲದಾಗ ಹೋಗ್ತೈತ್ರಿ. ಈಗ ಕೇಳ್ರಿ, ಹಿತ್ತಲದಾಗ ನಿಂತ್ರೂ ಕೇಳ್ತೈತಿ,” ಎಂದು ನನ್ನನ್ನು ಖುಷಿಪಡಿಸಲೆಂದು ನನ್ನದೇ ಹಾಡೊಂದನ್ನು ಹಚ್ಚಿದರು. ಪಿಯಾನೋದವನು, ಡ್ರಮ್ಮಿನವನು, ಎಲ್ಲರೂ ಅಟ್ಟದ ಮೇಲಿಂದ ಒಂದೇ ಕೊಡದಲ್ಲಿ ಬಾಯಿಟ್ಟು ಕೂಗಿದ ಹಾಗೆ ಕೇಳಿಸಿತು. ನಮ್ಮವರು ದಿವಾನದ ಮೇಲಿಂದ, “ಹೆಂಗೈತಿ? ಭಾಳ ಕಷ್ಟಪಟ್ಟಾರ ವೀರೇಶ,” ಎಂದರು.

“ಸ್ಕ್ರೂ ಎಲ್ಲಿ ಹೊಡದೀರಿ?” ಎಂದೆ.

“ಡಬ್ಬಿ ಹಿಂದ್ರಿ. ಗಟ್ಟಿ ಕಟ್ಟಿಗಿ ಐತಿ, ಏನಾಗಂಗಿಲ್ಲ.”

ಆ ಡಬ್ಬಿಗಳಿಗೆ ಧೂಳು ಬೀಳಬಾರದೆಂದು ನಾನು ಮೆತ್ತನೆಯ ಸೀರೆ ತುಂಡಿನಿಂದ ಒರೆಸುತ್ತಿದ್ದೆ. ಅವುಗಳ ಬೆನ್ನಿಗೆ ಸ್ಕ್ರೂ. ತರಬೇತಿಯ ತಲೆನೋವು, ಬಸ್ಸಿನ ನೂಕಾಟ, ತಿರುಗಿಸಿದ ಎಲ್ಲ ಕುರ್ಚಿಗಳು ಒಟ್ಟಿಗೇ ಮೇಲೆ ಬಂದವು.

“ಇಳಸ್ರಿ,” ಎಂದೆ.

ನಾನು ಕೂಗಲಿಲ್ಲ. ಆದರೆ ತರಗತಿಯಲ್ಲಿ ಬಳಸುವ ದನಿ ಅದು. ನಮ್ಮವರು ಕಾಲು ಮಡಚಿ ನೆಟ್ಟಗೆ ಕೂತರು.

“ಪೂಜಿ ಮುಗೀಲಿ ಬಿಡು, ಆಮ್ಯಾಲ ನೋಡೋಣು,” ಎಂದರು.

“ಪೂಜಿಗೂ ಇದಕ್ಕೂ ಏನ್ ಸಂಬಂಧ? ಈಗ ಇಳಸ್ರಿ.”

“ಅಳಿಯಂದ್ರು ಇಷ್ಟು ಪ್ರೀತೀಲೆ ಮಾಡ್ಯಾರ...”

“ಪ್ರೀತೀಲೆ ಕೇಳಿದ್ರ ಆಗ್ತಿತ್ತು,” ಎಂದೆ. “ಇವು ನನ್ನೂವು.”

ವೀರೇಶಣ್ಣನ ಮುಖ ಮುದುಡಿತು. ಚಹಾದ ಬಟ್ಟಲು ಕೆಳಗಿಟ್ಟು ಎದ್ದರು. “ತಪ್ಪಾತ್ರಿ ವೈನಿ. ಮಂದಿ ಮನಿ ಸಾಮಾನಕ್ಕ ಕೈ ಹಚ್ಚಬಾರದಿತ್ತು,” ಎಂದರು. ಮಂದಿ ಮನೆ, ಪರರ ಮನೆ! ಮಾವನ ಮನೆಯನ್ನು ಅಳಿಯ ಮಂದಿ ಮನೆ ಎಂದರೆ ಅದರ ಅರ್ಥವೇನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚೀಲ ಎತ್ತಿಕೊಂಡು ಹೊರಟೇಬಿಟ್ಟರು. ನಮ್ಮವರು ಬರಿಗಾಲಲ್ಲಿ ಬಸ್ ಸ್ಟ್ಯಾಂಡಿನವರೆಗೆ ಹಿಂದೆ ಓಡಿದರು. ಬಸ್ಸು ಹೋಯಿತು.

ಆಮೇಲಿನದು ಹೇಳತೀರದು. ಗದ್ವಾಲಿನಿಂದ ಶಾರದಾಳ ಫೋನು. “ಎರಡು ಡಬ್ಬಿ ಸಲುವಾಗಿ ನನ್ನ ಗಂಡನ್ನ ಹೊರಗ ಹಾಕಿದೇನ್ ವೈನಿ?” ನಾನು ಹಾಕಲಿಲ್ಲ, ಅವರೇ ಹೋದರು ಎಂದರೆ ಅಳು. ನಮ್ಮವರು ನನ್ನನ್ನು ನೋಡಿ ಉಸಿರು ಬಿಡುವುದು, ಮೇಲೆ ನೋಡಿ ಉಸಿರು ಬಿಡುವುದು. ಅಳಿಯನಿಲ್ಲದ ಪಾದಪೂಜೆ ಎಂದರೆ ಓಣಿಗೆಲ್ಲ ಸುದ್ದಿ. ನಾನೇ ಫೋನ್ ಮಾಡಿ ತಪ್ಪಾಯಿತು ಎನ್ನಲೇ ಎಂದು ಯೋಚಿಸಿದೆ. ಆದರೆ ಏನು ತಪ್ಪು? ಆ ಒಂದು ಪ್ರಶ್ನೆಯ ಹತ್ತಿರ ಬಂದು ಕೈ ನಿಂತುಬಿಡುತ್ತಿತ್ತು.

ಭಾನುವಾರ ಬೆಳಗ್ಗೆ ನಾನೇ ಟೇಬಲ್ ಎಳೆದು, ಅದರ ಮೇಲೆ ಸ್ಟೂಲು ಇಟ್ಟು, ಸ್ಕ್ರೂಡ್ರೈವರ್ ಹಿಡಿದು ಹತ್ತಿದೆ. ಸ್ಟೂಲು ಅಲುಗಾಡತೊಡಗಿತು. ಯಾರೋ ಬಂದು ಕೆಳಗಿನಿಂದ ಗಟ್ಟಿಯಾಗಿ ಹಿಡಿದರು. ಬಗ್ಗಿ ನೋಡಿದರೆ ಅತ್ತೆ. ಶನಿವಾರ ಸಂಜೆಯಿಂದ ಆ ಹೆಣ್ಣುಮಗಳು ನನ್ನ ಜೊತೆ ಮಾತಾಡಿರಲಿಲ್ಲ.

“ಇಳೀತೀಯೋ, ಬೀಳ್ತೀಯೋ?” ಎಂದರು.

“ಅವನ್ನ ಇಳಿಸೇ ಇಳಿಯಾಕಿ.”

“ಹಂಗಾರ ಲಗೂನ ಮಾಡು. ಒಲಿ ಮ್ಯಾಲ ಬ್ಯಾಳಿ ಐತಿ.” ಸ್ಟೂಲು ಬಿಡದೆ, “ನನ್ನ ಅಡಿಗಿಮನ್ಯಾಗ ಅವ್ರು ಪೆಂಡಾಲ್ ಹಾಕಿದ್ರ ನಾನೂ ಸುಮ್ನಿರ್ತಿದ್ದಿಲ್ಲ ಬಿಡು,” ಎಂದರು.

ಮಧ್ಯಾಹ್ನ ಅವರೇ ಗದ್ವಾಲಿಗೆ ಫೋನ್ ಹಚ್ಚಿಸಿಕೊಂಡರು. ಬಾಗಿಲು ಮುಂದೆ ಮಾಡಿಕೊಂಡು ಏನು ಮಾತಾಡಿದರೋ, ನನಗೆ ಹೇಳಲಿಲ್ಲ, ಕೇಳಿದ್ದಕ್ಕೆ, “ಅಳಿಯಂದ್ರ ಜೋಡಿ ಮಾತಾಡೀನಿ, ನಿನಗ್ಯಾಕ?” ಎಂದರು.

ಸೋಮವಾರ ಬೆಳಗ್ಗೆ ಬಾಗಿಲ ಮುಂದೆ ಒಂದು ಆಟೋ ನಿಂತಿತು. ವೀರೇಶಣ್ಣ, ಶಾರದಾ, ಅವರ ಜೊತೆ ಗದ್ವಾಲಿನ ಎರಡು ದೊಡ್ಡ ಹಾರ್ನುಗಳು. ಯಾರನ್ನೂ ಮಾತಾಡಿಸದೆ ವೀರೇಶಣ್ಣ ಹಾರ್ನುಗಳನ್ನು ಮನೆಯ ಮುಂದಿನ ಬೇವಿನ ಮರಕ್ಕೆ ಕಟ್ಟಿದರು. “ಇವು ನಮ್ಮ ಸ್ವಂತದೂವ್ರಿ,” ಎಂದರು, ಮರಕ್ಕೆ ಹೇಳಿದ ಹಾಗೆ. ಆ ದಿನ ನಮ್ಮ ಮನೆಯ ಮಂತ್ರ ಬಸ್ ಸ್ಟ್ಯಾಂಡಿನವರೆಗೂ ಕೇಳಿತಂತೆ. ಪೂಜೆ ಮುಗಿದು, ಅಯ್ಯನವರ ಊಟವಾಗಿ, ಹೋಳಿಗೆ ತಿಂದವರು ಅಲ್ಲಲ್ಲೇ ಒರಗಿದ ಮೇಲೆ ನಾನು ಪಡಸಾಲೆಗೆ ಬಂದೆ. ವೀರೇಶಣ್ಣ ನೆಲದ ಮೇಲೆ ಕೂತು, ಡಬ್ಬಿಗಳನ್ನು ಬೋರಲು ಹಾಕಿಕೊಂಡು, ಸ್ಕ್ರೂ ತೂತುಗಳಿಗೆ ಮೇಣ ಕರಗಿಸಿ ತುಂಬುತ್ತಿದ್ದರು.

“ಗಾಳಿ ಹೋಗಬಾರದ್ರಿ ತೂತಿನಾಗಿಂದ. ಆವಾಜ್ ಕೆಡ್ತೈತಿ,” ಎಂದರು, ತಲೆ ಎತ್ತದೆ.

“ಮೊನ್ನೆ ನಾ ಜರಾ ಜೋರ್ ಮಾತಾಡಿದೆ,” ಎಂದೆ.

“ಇರ್ಲಿ ಬಿಡ್ರಿ. ಆದ್ರ ಒಂದ್ ಮಾತು ವೈನಿ, ಬೇಸ್ ಮಾತ್ರ ಇಲ್ರಿ ಇದಕ್ಕ.”

ನಾನು ಹಲ್ಲು ಕಚ್ಚಿದೆ. ಆಮೇಲೆ ಇಬ್ಬರೂ ನಕ್ಕೆವು.

ಎಲ್ಲರೂ ಹೋದ ಮೇಲೆ ಡಬ್ಬಿಗಳನ್ನು ಪೀಠಕ್ಕೇರಿಸಿ, ಕುರ್ಚಿಯನ್ನು ಗುರುತಿಗೆ ತಂದು, ಎಲ್ಲ ಸರಿ ಇದೆಯೋ ಎಂದು ನೋಡಲು ಒಂದು ರೆಕಾರ್ಡಿಂಗ್ ಹಚ್ಚಿದೆ. ಅತ್ತೆ ಎಲೆ ಅಡಿಕೆ ಜಗಿಯುತ್ತ ಬಂದು ನಿಂತರು.

“ಅಲ್ಲವ್ವಾ, ಇಷ್ಟು ರಾಮಾಯಣ ಮಾಡಿದ್ಯಲ್ಲ. ಏನೈತಿ ಅದ್ರಾಗ?”

“ಕುಂದ್ರಿ, ಗೊತ್ತಾಗ್ತೈತಿ,” ಎಂದು ಎದ್ದು ಜಾಗ ಕೊಟ್ಟೆ. ಬಾಯಿ ಮಾತಿಗೆ ಕೊಟ್ಟದ್ದು, ಕೂರುತ್ತಾರೆ ಎಂದುಕೊಂಡಿರಲಿಲ್ಲ. ಈ ಮನೆಗೆ ಬಂದ ದಿನದಿಂದ ಅವರು ಪಡಸಾಲೆಯ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ಮಾವನವರಿದ್ದಾಗ ಹೊಸ್ತಿಲು, ಆಮೇಲೂ ಹೊಸ್ತಿಲು. ಅವರು ಕುರ್ಚಿಯ ಅಂಚಿನಲ್ಲಿ, ಯಾರಾದರೂ ಎಬ್ಬಿಸಿಯಾರೆಂಬ ಹಾಗೆ ಕೂತರು. ಪಿಯಾನೋ ನಿಂತು, ಬಾಸಿನವನೊಬ್ಬನೇ ಉಳಿದಾಗ, ಆತ ಮೆಲ್ಲಗೆ ಕೆಮ್ಮಿದ.

ಅತ್ತೆ ತಟ್ಟನೆ ಸೆರಗು ತಲೆಯ ಮೇಲೆ ಎಳೆದುಕೊಂಡರು.

“ಯಾರೋ ಗಂಡಸರು ಅದಾರ,” ಎಂದರು ಪಿಸುದನಿಯಲ್ಲಿ.

“ಎಲ್ಲಿ?”

“ಅಲ್ಲಿ, ಕುಂತಾನಲ್ಲ!” ಎಂದು ಎರಡು ಡಬ್ಬಿಗಳ ನಡುವೆ, ಸ್ವಲ್ಪ ಬಲಕ್ಕೆ, ಖಾಲಿ ಗೋಡೆಯತ್ತ ಗದ್ದ ಎತ್ತಿ ತೋರಿಸಿದರು. ಬಾಸಿನವನು ಸರಿಯಾಗಿ ಅಲ್ಲೇ ಇದ್ದ. ಇಷ್ಟು ವರ್ಷ ನನಗೊಬ್ಬಳಿಗೇ ಕಾಣುತ್ತಿದ್ದವನು, ಇನ್ನೊಬ್ಬರಿಗೂ ಕಂಡ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಸುಖಿ. ಮುಗಿಯಲಿಲ್ಲ. ಮರುದಿನ ಶಾಲೆಯಿಂದ ಬಂದರೆ ಅತ್ತೆ ಕುರ್ಚಿಯಲ್ಲಿದ್ದರು. ಅದರ ಮರುದಿನವೂ. ಫೋನಿನಲ್ಲಿ ತ್ರಿಕೋನ ಒತ್ತಿದರೆ ಹಾಡು ಬರುತ್ತದೆ ಎಂದು ಹೇಳಿಕೊಟ್ಟ ಪುಣ್ಯಾತ್ಗಿತ್ತಿ ನಾನೇ. ಈಗ ಬೆನ್ನು ಪೂರ್ತಿ ಆನಿಸಿ, ಕಾಲಿಗೊಂದು ಮಣೆ ಇಟ್ಟುಕೊಂಡು ಕೂರುತ್ತಾರೆ. ಸೆರಗು ಮಾತ್ರ ತಲೆಯ ಮೇಲೆ. ಒಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟೆ.

“ಅತ್ತಿ, ನಾ ಜರಾ ಕುಂದ್ರಲ್ಯಾ?”

“ನೀ ಸಾಲಿಗೆ ಹೋಕ್ಕಿ, ನಾಕ್ ಮಂದಿ ಜೋಡಿ ಮಾತಾಡ್ತಿ. ನನಗ ಇವ್ರ್ ಬಿಟ್ರ ಯಾರದಾರ?” ಎಂದರು, ಗೋಡೆಯ ಕಡೆಯಿಂದ ಕಣ್ಣು ತೆಗೆಯದೆ. ಇವರು! ನನ್ನ ಪಿಯಾನೋದವನು, ಬಾಸಿನವನು, ಎಲ್ಲರೂ ಅವರ ‘ಇವರು’ ಆಗಿಬಿಟ್ಟಿದ್ದರು. ಬಂದವರು ಯಾರಾದರೂ ಕುರ್ಚಿಗೆ ಕೈ ಹಾಕಿದರೆ ಅತ್ತೆ ಗದರುವ ಪರಿ ನೋಡಬೇಕು ನೀವು. ಗ್ಯಾಸಿನವನು ಈಗ ಹೊಸ್ತಿಲು ದಾಟುವುದಿಲ್ಲ.

ನಿನ್ನೆಯೂ ಹಾಗೇ ಆಯಿತು. ಚಹಾಕ್ಕೆ ಇಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಆ ಬಾಗಿಲು ಬಲಗಡೆಯ ಡಬ್ಬಿಗೆ ಅಂಟಿಕೊಂಡಂತಿದೆ. ಅಲ್ಲಿ ನಿಂತರೆ ಡ್ರಮ್ಮು ಮತ್ತು ಬಾಸು ಬಿಟ್ಟರೆ ಬೇರೇನೂ ಕಿವಿಗೆ ಸಿಗುವುದಿಲ್ಲ. ನನಗೆ ಬಹಳ ಪ್ರೀತಿಯ ರಚನೆ, ಬಹಳ ನಿಧಾನದ್ದು. ಪಿಯಾನೋದವನು ಬರುವ ಜಾಗ ಹತ್ತಿರವಾಗುತ್ತಿತ್ತು. ತಡೆಯಲಾಗಲಿಲ್ಲ.

“ಅತ್ತಿ, ಎಡಕಿನಾಂವ ಏನ್ ಮಾಡಾಕತ್ತಾನ?”

“ಸುಮ್ನ ಕುಂತಾನ,” ಎಂದರು ಅತ್ತೆ. ಸ್ವಲ್ಪ ತಡೆದು, “ಕೈ ಎತ್ತಿದ... ಇಲ್ಲ, ಇಟ್ಟ... ಹಾಂ, ಬಂದ. ಮೆಲ್ಲಕ ಬಂದ.”

“ಛಲೋ ನುಡಸಾಕತ್ತಾನೇನ್ರಿ?”

“ಸುಮ್ನಿರ ಮಾರಾಯ್ತಿ,” ಎಂದರು ಅತ್ತೆ, “ಕೇಳಾಕರ ಬಿಡು.”